ಭಾನುವಾರ ಬರುವಾಗ ಒಂದು ಗುಂಡಿ, ಒಂದಿಷ್ಟು ದಾರ ತನ್ನಿ

ಎಲ್ಲರಿಗೂ ನಮಸ್ಕಾರ. ಈ ಸಲದ ಮಾತುಕತೆ ವಿಜ್ಞಾನದಲ್ಲಿ ಕಲ್ಪನೆಗೆ ಎಷ್ಟು ಜಾಗ ಅನ್ನೋದರ ಬಗ್ಗೆ. ಸುಮ್ನೆ ಭಾಷಣ ಬೇಡ. ಚಿಕ್ಕಂದಿನಲ್ಲಿ ಗುಂಡಿಗೆ ದಾರ ಪೋಣಿಸಿ, ಎಳೆದು ಬಿಟ್ಟು ಗಿರ್ರನೆ ತಿರುಗಿಸುತ್ತಿದ್ದೆವಲ್ಲ, ಅದನ್ನೇ ಮಾಡೋಣ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮನು ಪ್ರಕಾಶ್ ಅವರು ಉಗಾಂಡಾದಲ್ಲಿ, ರಕ್ತವನ್ನು ಜೋರಾಗಿ ತಿರುಗಿಸಿ ಅದರ ಭಾಗಗಳನ್ನು ಬೇರೆ ಮಾಡುವ ಸೆಂಟ್ರಿಫ್ಯೂಜ್ ಯಂತ್ರವನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದನ್ನು ಕಂಡಿದ್ದರು, ಓಡಿಸೋಕೆ ಕರೆಂಟೇ ಇರಲಿಲ್ಲ. 2017ರಲ್ಲಿ ಅವರ ತಂಡ ಇದೇ ಗುಂಡಿ-ದಾರದ ಆಟದಿಂದ ಪೇಪರ್‌ಫ್ಯೂಜ್ ಅನ್ನೋ ಕಾಗದದ ಸೆಂಟ್ರಿಫ್ಯೂಜ್ ಮಾಡಿ ತೋರಿಸಿತು. ಕಾಗದ, ದಾರ, ಖರ್ಚು ಬರೀ 20 ಸೆಂಟ್. ನಿಮಿಷಕ್ಕೆ 1,25,000 ಸುತ್ತಿನವರೆಗೆ ತಿರುಗುತ್ತದೆ, ಸುಮಾರು ಒಂದೂವರೆ ನಿಮಿಷದಲ್ಲಿ ರಕ್ತದಿಂದ ಪ್ಲಾಸ್ಮಾ (ಅದರ ದ್ರವ ಭಾಗ) ಬೇರೆಯಾಗುತ್ತದೆ!

ಆದರೆ "ಆಟಿಕೆ ನೋಡಿದರು, ಥಟ್ಟನೆ ಹೊಳೆಯಿತು" ಅಂತ ಕಥೆ ಮುಗಿಸಬೇಡಿ. ಮೊದಲು ಯೋಯೋ ತಿರುಗಿಸಿ ನೋಡಿದ್ದರು, ವೇಗ ಸಾಲಲಿಲ್ಲ. ಗುಂಡಿ ಸಿಕ್ಕ ಮೇಲೂ ಹೈ ಸ್ಪೀಡ್ ಕ್ಯಾಮೆರಾದಲ್ಲಿ ಚಿತ್ರ ತೆಗೆದು, ದಾರ ಹೇಗೆ ಮುರಿಗೆ ಬೀಳುತ್ತದೆ ಅಂತ ಲೆಕ್ಕ ಕಟ್ಟಿದರು. ಇಷ್ಟು ಜನ ಆಡಿದ ಆಟದ ಲೆಕ್ಕ ಅಲ್ಲಿತನಕ ಸರಿಯಾಗಿ ಯಾರೂ ಬಿಡಿಸಿರಲಿಲ್ಲ ನೋಡಿ. ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಸೋಡಾ ಮುಚ್ಚಳ ಮಾತ್ರ ತರಬೇಡಿ, ಅಂಚು ಕೈ ಕೊಯ್ಯುತ್ತದೆ. ಇಂಥದ್ದೇ ಬೇರೆ ಉದಾಹರಣೆ ಗೊತ್ತಿದ್ದವರು ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಫಾರ್ವರ್ಡ್ ಬೇಡ, ನಿಮ್ಮದೇ ಎರಡು ಸಾಲು ಸಾಕು.