‘ಲೆಟ್’ ಅಂದರೆ ‘ಬಿಡು’ ಅಲ್ಲ ಮಾರಾಯ

ಗೆಳೆಯ,

ನಿನ್ನ ಪತ್ರ ಬಂತು. ಬ್ಯಾಂಕಿನ ಕೆಲಸ ಮುಗಿಸಿ, ಮಕ್ಕಳು ಮಲಗಿದ ಮೇಲೆ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕ ಹಿಡಿದು ಕೂರುತ್ತೀಯ ಅಂತ ಓದಿ ಖುಷಿಯೂ ಆಯ್ತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ನಲವತ್ತು ದಾಟಿದ ಮೇಲೆ ಇಂಗ್ಲಿಷ್ ಎಂ.ಎ. ಕಟ್ಟಿದ್ದೀಯಲ್ಲ, ಅದಕ್ಕೇ ಒಂದು ಶಹಬ್ಬಾಸ್. ಆದರೆ ಪುಸ್ತಕದ ಹಿಂದಿರುವ ಹಳೇ ಪದಗಳ ಪಟ್ಟಿಯನ್ನು ‘ಎ’ಯಿಂದ ಶುರು ಮಾಡಿ ಬಾಯಿಪಾಠ ಮಾಡುತ್ತಿದ್ದೀನಿ ಅಂದೆಯಲ್ಲ, ಅದನ್ನು ಇವತ್ತೇ ನಿಲ್ಲಿಸು. ಆ ಹಳ್ಳಕ್ಕೆ ಬಿದ್ದು ಎದ್ದವನು ನಾನು.

ನಿನಗೆ ಈ ಕಥೆ ಹೇಳಿರಲಿಲ್ಲ, ನಾಚಿಕೆಗೆ. ನಾಟಕದ ಮೊದಲ ಅಂಕದಲ್ಲಿ ಸತ್ತ ರಾಜನ ಭೂತ ಬಂದು ಮಗ ಹ್ಯಾಮ್ಲೆಟ್‌ನನ್ನು ಕೈಬೀಸಿ ಕರೆಯುತ್ತೆ. ಜೊತೆಗಿದ್ದ ಗೆಳೆಯ ಹೋರೇಷಿಯೋ, ಕಾವಲಿನ ಮಾರ್ಸೆಲಸ್ ಇಬ್ಬರೂ ‘ಹೋಗಬೇಡ’ ಅಂತ ಹ್ಯಾಮ್ಲೆಟ್‌ನನ್ನು ಹಿಡಿದುಕೊಳ್ಳುತ್ತಾರೆ. ಅವನು ಕೊಸರಿಕೊಂಡು ‘ಐಲ್ ಮೇಕ್ ಎ ಗೋಸ್ಟ್ ಆಫ್ ಹಿಮ್ ದಟ್ ಲೆಟ್ಸ್ ಮಿ’ ಅನ್ನುತ್ತಾನೆ. ಪರೀಕ್ಷೆಯಲ್ಲಿ ಈ ಸಾಲು ಕೊಟ್ಟಿದ್ದರು, ಸಂದರ್ಭ ಬರೆಯಿರಿ ಅಂತ. ನಾನು ಧೈರ್ಯವಾಗಿ ಬರೆದೆ: ‘ನನ್ನನ್ನು ಹೋಗಲು ಬಿಟ್ಟವನನ್ನು ಕೊಂದು ಭೂತ ಮಾಡುತ್ತೇನೆ ಎನ್ನುತ್ತಾನೆ. ಇದರಿಂದ ಅವನ ಹುಚ್ಚು ಗೊತ್ತಾಗುತ್ತದೆ.’ ಹುಚ್ಚಿನ ಮೇಲೆ ಅರ್ಧ ಪುಟ ಬೇರೆ ಎಳೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ‘ಹುಚ್ಚು ಯಾರಿಗೆ?’ ಅಂತ ಬರೆದಿದ್ದರು.

ಅಲ್ಲಿ ‘ಲೆಟ್’ ಅಂದರೆ ‘ತಡೆ’. ತಡೆದವನನ್ನು ಭೂತ ಮಾಡುತ್ತೇನೆ ಅನ್ನೋದು ಮಾತು. ‘ಬಿಡು’ ಅನ್ನುವ ‘ಲೆಟ್’ ಬೇರೆ, ‘ತಡೆ’ ಅನ್ನುವ ‘ಲೆಟ್’ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅವು ಎರಡು ಬೇರೆ ಬೇರೆ ಪದಗಳು. ಸವೆದೂ ಸವೆದೂ ಒಂದೇ ರೂಪಕ್ಕೆ ಬಂದವು. ಈ ಎರಡನೆಯದು ಪೂರ್ತಿ ಸತ್ತಿಲ್ಲ. ನಿನ್ನ ಪಾಸ್‌ಪೋರ್ಟ್ ತೆಗೆದು ನೋಡು. ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ಕೋರಿಕೆ ಇರುತ್ತಲ್ಲ, ಅದರಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಅಂತ ಇದೆ. ಅಡ್ಡಿ ಆತಂಕ ಇಲ್ಲದೆ ಹೋಗಲು ಬಿಡಿ ಅಂತ. ಇಷ್ಟು ವರ್ಷ ಹ್ಯಾಮ್ಲೆಟ್‌ನ ‘ಲೆಟ್’ ನಮ್ಮ ಬೀರುವಿನಲ್ಲೇ ಕೂತಿತ್ತು ನೋಡು.

ಹಾಗಾಗಿ ನನ್ನ ಮಾತು ಇಷ್ಟೇ. ಗೊತ್ತಿಲ್ಲದ ಪದಕ್ಕೆ ಹೆದರಬೇಡ, ಅದಕ್ಕೆ ಪುಸ್ತಕದಲ್ಲಿ ಟಿಪ್ಪಣಿ ಇರುತ್ತೆ. ಗೊತ್ತಿದೆ ಅಂದುಕೊಂಡಿರುವ ಪದವೇ ಕೈಕೊಡೋದು. ‘ಪ್ರೆಸೆಂಟ್ಲಿ’ ಅಂದರೆ ಅಲ್ಲಿ ಸಾಮಾನ್ಯವಾಗಿ ‘ಈಗಿಂದೀಗಲೇ’. ‘ಸ್ಟಿಲ್’ ಅಂದರೆ ಎಷ್ಟೋ ಕಡೆ ‘ಯಾವಾಗಲೂ’. ಷೇಕ್ಸ್‌ಪಿಯರನ ಇನ್ನೊಂದು ನಾಟಕದ ಮುದಿ ರಾಜ ಲಿಯರ್ ಕೊನೆಕೊನೆಗೆ ತನ್ನನ್ನು ತಾನೇ ‘ಫೂಲಿಶ್ ಫಾಂಡ್ ಓಲ್ಡ್ ಮ್ಯಾನ್’ ಅಂದುಕೊಳ್ಳುತ್ತಾನೆ. ಅಲ್ಲಿ ‘ಫಾಂಡ್’ ಅಂದರೆ ಪ್ರೀತಿಯವನು ಅಲ್ಲ, ಅರಳುಮರಳಿನವನು. ಹ್ಯಾಮ್ಲೆಟ್ ಶುರುವಿನಲ್ಲೇ ಕಾವಲುಗಾರನೊಬ್ಬ ತನ್ನ ಜೊತೆ ಕಾವಲಿಗೆ ಬರುವವರನ್ನು ‘ರೈವಲ್ಸ್’ ಅನ್ನುತ್ತಾನೆ. ಶತ್ರುಗಳಲ್ಲ, ಜೊತೆಗಾರರು. ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ: ಒಂದೇ ಹೊಳೆಯ ನೀರು ಹಂಚಿಕೊಳ್ಳುವವರು. ಅದು ಯಾಕೆ ಆಮೇಲೆ ‘ಎದುರಾಳಿ’ ಅಂತಾಯ್ತು ಅಂತ ಕಾವೇರಿ ನೀರು ಕುಡಿಯುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಜಾ ಕೇಳು. ಅಪ್ಪನ ಭೂತ ಕಾಣಿಸಿಕೊಂಡ ಸುದ್ದಿ ಕೇಳಿ ಹ್ಯಾಮ್ಲೆಟ್ ‘ಐ ಡೌಟ್ ಸಮ್ ಫೌಲ್ ಪ್ಲೇ’ ಅನ್ನುತ್ತಾನೆ. ಇವತ್ತಿನ ಇಂಗ್ಲಿಷಿನ ಲೆಕ್ಕದಲ್ಲಿ ‘ಡೌಟ್’ ಅಂದರೆ ‘ಇರಲಿಕ್ಕಿಲ್ಲ’ ಅಂತ. ಅಂದರೆ ಮೋಸ ನಡೆದಿರಲಿಕ್ಕಿಲ್ಲ ಅಂದಹಾಗಾಯ್ತು, ಪೂರ್ತಿ ಉಲ್ಟಾ. ಆದರೆ ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ‘ಯಾಕೋ ಅವನ ಮೇಲೆ ಡೌಟು ಕಣೋ’ ಅಂತೀವಲ್ಲ? ಹ್ಯಾಮ್ಲೆಟ್‌ನ ಡೌಟು ಅದೇ. ಏನೋ ಮೋಸ ನಡೆದಿದೆ ಅಂತ ಅನುಮಾನ. ಹೀಗೆ ಕನ್ನಡದಲ್ಲಿ ಕೇಳಿಸಿಕೊಂಡರೆ ತಟ್ಟನೆ ಹತ್ತುತ್ತೆ.

ಹೊರಗಿನಿಂದ ವಿಚಿತ್ರವಾಗಿ ಕಾಣುವ ಪದಗಳಿಗೂ ಇದೇ ದಾರಿ. ಕಾಲೇಜಿನಲ್ಲಿ ರನ್ನನ ಪದ್ಯ ಓದುವಾಗ ಮೊದಲ ವಾರ ಇಬ್ಬರೂ ಬೆಪ್ಪಾಗಿ ಕೂತಿದ್ದು ನೆನಪಿದೆಯಾ? ಆಮೇಲೆ ಮೇಷ್ಟ್ರು ‘ಪ’ ಇದ್ದ ಕಡೆ ‘ಹ’ ಇಟ್ಟು ನೋಡಿ ಅಂದರು. ಪುಲಿ ಹುಲಿಯಾಯ್ತು, ಪಗೆ ಹಗೆಯಾಯ್ತು, ಪೋಗು ಹೋಗು ಆಯ್ತು. ಅರ್ಧ ಹಳಗನ್ನಡ ಅಲ್ಲೇ ಬಿಚ್ಚಿಕೊಂಡಿತು. ಇಲ್ಲೂ ಅಷ್ಟೇ. ಕೊನೆಯ ‘ತ್’ ತೆಗೆದು ‘ಸ್’ ಹಾಕು. ‘ಹ್ಯಾತ್’ ಹೋಗಿ ‘ಹ್ಯಾಸ್’, ‘ಡತ್’ ಹೋಗಿ ‘ಡಸ್’. ‘ಹಿದರ್, ದಿದರ್, ವಿದರ್’ ಅಂದರೆ ಇಲ್ಲಿಗೆ, ಅಲ್ಲಿಗೆ, ಎಲ್ಲಿಗೆ. ‘ಹೆನ್ಸ್, ದೆನ್ಸ್, ವೆನ್ಸ್’ ಅಂದರೆ ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಈಗಿನ ಇಂಗ್ಲಿಷ್ ಈ ಗೆರೆಗಳನ್ನೆಲ್ಲ ಅಳಿಸಿಹಾಕಿದೆ. ನಾವು ಇನ್ನೂ ದಿನಾ ಬಳಸುತ್ತಿದ್ದೀವಿ. ‘ಸಿರಾ’ ಅನ್ನೋದಕ್ಕೆ ನಿನ್ನ ಪುಸ್ತಕ ಒಂದೂವರೆ ಸಾಲು ವಿವರಣೆ ಕೊಟ್ಟಿದೆ ಅಂದೆ. ‘ಲೇ’ ಅಂತ ಪಕ್ಕದಲ್ಲಿ ಬರೆದುಕೋ, ಸಾಕು. ‘ವೇರ್‌ಫೋರ್’ ಅಂದರೆ ‘ಎಲ್ಲಿ’ ಅಲ್ಲ, ‘ಯಾಕೆ’. ಜೂಲಿಯೆಟ್ ರೋಮಿಯೋನನ್ನು ಹುಡುಕುತ್ತಿಲ್ಲ. ‘ಯಾಕಾದರೂ ನೀನು ರೋಮಿಯೋ ಆದೆಯೋ’ ಅಂತ ಒಬ್ಬಳೇ ಹಲುಬುತ್ತಿದ್ದಾಳೆ. ಅವನು ಕೆಳಗೆ ತೋಟದಲ್ಲೇ ನಿಂತಿರೋದು ಅವಳಿಗೆ ಗೊತ್ತೇ ಇಲ್ಲ.

ಈಗ ನೀನು ಕೇಳಿದ ‘ದೌ’ ವಿಷಯಕ್ಕೆ ಬರ್ತೀನಿ. ‘ದೌ, ದೀ, ದೈ, ಎಲ್ಲಾ ಹಳೇ ಕಾಲದ ಯೂ ತಾನೇ’ ಅಂತ ಬರೆದಿದ್ದೀಯ. ಅಲ್ಲ ಕಣೋ. ‘ದೌ’ ಅಂದರೆ ನೀನು. ‘ಯೂ’ ಅಂದರೆ ಹಲವರಿಗೆ ನೀವು, ಮರ್ಯಾದೆ ಕೊಡಬೇಕಾದ ಒಬ್ಬರಿಗೂ ನೀವು. ಈಗಿನ ಇಂಗ್ಲಿಷಿನಲ್ಲಿ ‘ನೀನು’ ಸತ್ತು ಬರೀ ‘ನೀವು’ ಉಳಿದಿದೆ. ಇಂಗ್ಲಿಷ್ ಮಾತಿನ ಮನೆಯಲ್ಲಿ ಹುಟ್ಟಿದವರಿಗೂ ಇದನ್ನು ಕಷ್ಟಪಟ್ಟು ಕಲಿಸಬೇಕು. ಹಳೆಯ ಬೈಬಲ್ಲಿನಲ್ಲಿ, ಪ್ರಾರ್ಥನೆಯಲ್ಲಿ ದೇವರಿಗೆ ‘ದೌ’ ಅಂದಿರೋದು ಕೇಳಿ ಎಷ್ಟೋ ಜನ ಅದೇನೋ ಭಾರೀ ಗೌರವದ ಪದ ಅಂದುಕೊಳ್ಳುತ್ತಾರೆ. ದಾಸರು ಕೃಷ್ಣನನ್ನು ‘ಬಾರೋ’ ಅಂದಿದ್ದು ಕೇಳಿ ಬೆಳೆದ ನಮಗೆ ಆ ಗೊಂದಲ ಯಾಕೆ?

ಲಿಯರ್ ಮಗಳನ್ನು ಹೊರಗೆ ಹಾಕುವಾಗ ಅವನ ನಂಬಿಕಸ್ತ ಸಾಮಂತ ಕೆಂಟ್ ಅಡ್ಡ ಬರುತ್ತಾನಲ್ಲ, ತುಂಬಿದ ಸಭೆಯಲ್ಲಿ ರಾಜನಿಗೆ ‘ದೌ’ ಅಂದು, ‘ಓಲ್ಡ್ ಮ್ಯಾನ್’ ಅಂತಲೂ ಸೇರಿಸುತ್ತಾನೆ. ‘ಏನು ಮಾಡ್ತೀಯೋ ಮುದುಕಾ’ ಅಂತ. ಆ ಒಂದು ಏಕವಚನಕ್ಕೆ ಅಂದಿನ ಪ್ರೇಕ್ಷಕರು ಬೆಚ್ಚಿರಬೇಕು. ಈಗಿನ ಇಂಗ್ಲಿಷಿಗೆ ತಂದುಕೊಂಡು ಓದಿದರೆ ಆ ಪೆಟ್ಟು ಬೀಳೋದೇ ಇಲ್ಲ.

ಆದರೆ ನನಗೆ ಇದಕ್ಕಿಂತ ಇಷ್ಟವಾದ ಜಾಗ ಬೇರೆ. ಹ್ಯಾಮ್ಲೆಟ್‌ನ ಮೂರನೇ ಅಂಕ, ನಾಲ್ಕನೇ ದೃಶ್ಯ. ರಾತ್ರಿ, ಅಮ್ಮನ ಕೋಣೆ. ಪರದೆ ಹಿಂದೆ ರಾಜನ ಮಂತ್ರಿ, ಮುದುಕ ಪೊಲೋನಿಯಸ್ ಕದ್ದು ಕೇಳುತ್ತಿದ್ದಾನೆ. ಏನು ವಿಷಯ ಅಂತ ಹ್ಯಾಮ್ಲೆಟ್ ಕೇಳುತ್ತಾನೆ. ರಾಣಿ ಅನ್ನುತ್ತಾಳೆ: ‘ಹ್ಯಾಮ್ಲೆಟ್, ನೀನು ನಿನ್ನ ಅಪ್ಪನ ಮನಸ್ಸು ಬಹಳ ನೋಯಿಸಿದ್ದೀಯ.’ ಅಪ್ಪ ಅಂದರೆ ಅವಳ ಲೆಕ್ಕದಲ್ಲಿ ಈಗಿನ ಗಂಡ, ಅವನ ಚಿಕ್ಕಪ್ಪ. ಮಗ ಅದೇ ಸಾಲನ್ನು ತಿರುಗಿಸಿ ಹೊಡೆಯುತ್ತಾನೆ: ‘ಅಮ್ಮ, ನೀವು ನನ್ನ ಅಪ್ಪನ ಮನಸ್ಸು ಬಹಳ ನೋಯಿಸಿದ್ದೀರಿ.’ ಅವನ ಲೆಕ್ಕದಲ್ಲಿ ಅಪ್ಪ ಸತ್ತವನು. ಇಲ್ಲಿ ನೋಡು, ರಾಣಿಯ ಮುಂದಿನ ಮಾತಿಗೆ ‘ದೌ’ ಮಾಯ. ‘ಯೂ’ ಬಂದು ಕೂತಿದೆ. ‘ಬನ್ನಿ ಬನ್ನಿ, ಏನು ತಲೆಹರಟೆ ಉತ್ತರ ಕೊಡ್ತೀರಿ’ ಅಂದಹಾಗೆ. ನಾವು ತಡವಾಗಿ ಮನೆಗೆ ಹೋದರೆ ನಮ್ಮಮ್ಮ ಬಾಗಿಲಲ್ಲೇ ನಿಂತು ‘ಬಂದ್ರಾ ಸ್ವಾಮಿ, ಈಗ ಬಿಡುವಾಯ್ತಾ ತಮಗೆ?’ ಅನ್ನುತ್ತಿದ್ದಳಲ್ಲ, ಅದೇ ಬಹುವಚನ. ಅವಳು ‘ಕತ್ತೆ’ ಅಂತ ಬೈದ ದಿನ ನಾವು ಹೆದರುತ್ತಿರಲಿಲ್ಲ. ‘ಸ್ವಾಮಿ’ ಅಂದ ದಿನ ಊಟಕ್ಕೆ ಕೂರಲೂ ಭಯ.

ಪದಪಟ್ಟಿ ಪಕ್ಕಕ್ಕಿಡು. ಒಂದು ದೃಶ್ಯ ತಗೋ, ಗಟ್ಟಿಯಾಗಿ ಓದು, ‘ದೌ’ ಎಲ್ಲಿ ‘ಯೂ’ ಆಯ್ತು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕು. ಭಾನುವಾರ ರಾತ್ರಿ ನಾನೇ ಫೋನ್ ಮಾಡ್ತೀನಿ. ಅಮ್ಮನ ಕೋಣೆಯ ದೃಶ್ಯ ಇಬ್ಬರೂ ಸೇರಿ ಕನ್ನಡದಲ್ಲೇ ಓದೋಣ. ನಾನು ಹ್ಯಾಮ್ಲೆಟ್, ನೀನು ರಾಣಿ. ಮೂವತ್ತು ವರ್ಷದಲ್ಲಿ ಮೊದಲನೇ ಸಲ ನೀನು ನನಗೆ ‘ನೀವು’ ಅನ್ನೋದನ್ನು ಕೇಳಬೇಕು.

ನಿನ್ನ ಗೆಳೆಯ