ಟೌಟನ್‌ನ ಆ ದವಡೆ: ಮಗಳಿಗೊಂದು ಪತ್ರ

ಪುಟ್ಟೀ,

ಲೀಡ್ಸ್‌ನಿಂದ ಬಂದು ತಿಂಗಳಾಯ್ತು. ನೀನು ತೋರಿಸಿದ, ಇಂಗ್ಲೆಂಡಿನ ಹಳೇ ಯುದ್ಧ ನಡೆದ ಟೌಟನ್ ಬಯಲು ಇನ್ನೂ ಕಣ್ಣ ಮುಂದಿದೆ. ರಸ್ತೆ ಪಕ್ಕ ಒಂದು ಹಳೇ ಕಲ್ಲಿನ ಶಿಲುಬೆ, ಆಚೆ ಬರೀ ಹೊಲ. "ಇಷ್ಟೇನಾ?" ಅಂದುಬಿಟ್ಟೆ. ಮನೆಗೆ ಬಂದು ಓದಿದ ಮೇಲೆ ಹಾಗೆ ಅನ್ನಬಾರದಿತ್ತು ಅನ್ನಿಸಿತು.

ಆ ಯುದ್ಧ ನಡೆದಿದ್ದು 1461ರ ಮಾರ್ಚ್ 29, ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಮುಂಚಿನ ಭಾನುವಾರ. ಯಾರ್ಕ್, ಲ್ಯಾಂಕಾಸ್ಟರ್ ಎರಡೂ ಒಂದೇ ರಾಜವಂಶದ ಕವಲುಗಳು. ಸಿಂಹಾಸನಕ್ಕಾಗಿ ದಾಯಾದಿಗಳ ಜಗಳ. ಯಾರ್ಕ್ ಕಡೆಯ ಎಡ್ವರ್ಡ್‌ಗೆ ಆಗಿನ್ನೂ 18 ವರ್ಷ. ಮೂರು ತಿಂಗಳ ಹಿಂದಷ್ಟೇ ವೇಕ್‌ಫೀಲ್ಡ್ ಯುದ್ಧದಲ್ಲಿ ಅಪ್ಪನನ್ನೂ 17ರ ತಮ್ಮನನ್ನೂ ಕಳೆದುಕೊಂಡಿದ್ದ. ಅಪ್ಪನ ತಲೆಯನ್ನು ಯಾರ್ಕ್ ಊರಬಾಗಿಲ ಮೇಲೆ ಸಿಕ್ಕಿಸಿದ್ದರು. ಮಿಕಲ್‌ಗೇಟ್ ಬಾರ್, ನಾವಿಬ್ಬರೂ ಅದರ ಕೆಳಗೇ ನಡೆದು ಹೋದೆವಲ್ವಾ?

ಅವತ್ತು ಹಿಮ ಸುರಿಯುತ್ತಿತ್ತು. ಗಾಳಿ ಲ್ಯಾಂಕಾಸ್ಟರ್‌ನವರ ಮುಖಕ್ಕೇ ಹೊಡೆಯುತ್ತಿತ್ತು. ಯಾರ್ಕ್ ಕಡೆಯ ದಳಪತಿ ಫಾಕನ್‌ಬರ್ಗ್ ತನ್ನ ಬಿಲ್ಲುಗಾರರಿಂದ ಬಾಣ ಬಿಡಿಸಿ, ಆ ಬಿಲ್ಲುಗಾರರನ್ನು ಹಿಂದಕ್ಕೆ ಸರಿಸಿದ. ಹಿಮದಲ್ಲಿ ಕಣ್ಣು ಕಾಣದ ಲ್ಯಾಂಕಾಸ್ಟರ್‌ನವರು ಬಾಣದ ಮೇಲೆ ಬಾಣ ಬಿಟ್ಟರು. ಎದುರುಗಾಳಿಗೆ ಒಂದೂ ಮುಟ್ಟಲಿಲ್ಲ. ನೆಲದಲ್ಲಿ ನಾಟಿದ್ದ ಅವೇ ಬಾಣಗಳನ್ನು ಕಿತ್ತು ಯಾರ್ಕ್‌ನವರು ತಿರುಗಿಸಿ ಹೊಡೆದರು. ಆಮೇಲೆ ಗಂಟೆಗಟ್ಟಲೆ ಕೈಕೈ ಕಾದಾಟ. ಯಾರ್ಕ್ ಕಡೆಗೆ ನಾರ್ಫೋಕ್‌ನ ಹೊಸ ಪಡೆ ಬಂದ ಮೇಲೆ ಲ್ಯಾಂಕಾಸ್ಟರ್ ಸೈನ್ಯ ಒಡೆದು ಕಾಕ್ ಬೆಕ್ ಹಳ್ಳದ ಕಡೆ ಓಡಿತು. ಬಹಳ ಜನ ಸತ್ತಿದ್ದು ಅಲ್ಲೇ. ಒಟ್ಟು 28,000 ಅಂತ ಆಗಿನ ಕಾಗದಗಳಲ್ಲಿದೆ. ಅದು ಜಾಸ್ತಿಯಾಯಿತು ಅನ್ನುತ್ತಾರೆ ಈಗಿನ ಇತಿಹಾಸಕಾರರು. ಲ್ಯಾಂಕಾಸ್ಟರ್ ಕಡೆಯ ರಾಜ ಆರನೇ ಹೆನ್ರಿ, ಹೆಂಡತಿ ಮಾರ್ಗರೆಟ್ ಜೊತೆ ಸ್ಕಾಟ್ಲೆಂಡಿಗೆ ಓಡಿದ. ಸಿಂಹಾಸನ ಎಡ್ವರ್ಡ್‌ಗೇ ಉಳಿಯಿತು.

ಆದರೆ ನನಗೆ ನಿದ್ದೆ ಕೆಡಿಸಿದ್ದು ರಾಜರಲ್ಲ. 1996ರಲ್ಲಿ ಟೌಟನ್ ಹಾಲ್ ಹತ್ತಿರ ಕಟ್ಟಡದ ಕೆಲಸದವರು ಅಗೆಯುವಾಗ ಒಂದು ಗುಂಡಿ ಸಿಕ್ಕಿತು. ಸುಮಾರು 40 ಜನರನ್ನು ಅದರಲ್ಲಿ ಒತ್ತೊತ್ತಾಗಿ ಹೂತಿದ್ದರು. ತಲೆಬುರುಡೆಗಳ ತುಂಬ ಏಟು. ಅವರಲ್ಲೊಬ್ಬನಿಗೆ ಸಂಶೋಧಕರು ಕೊಟ್ಟಿರುವ ನಂಬರು 16. ವಯಸ್ಸು 45 ದಾಟಿತ್ತು. ಅವನ ದವಡೆಯಲ್ಲಿ ಇನ್ನೊಂದು ಹಳೇ ಗಾಯ, ಎಷ್ಟೋ ವರ್ಷ ಮೊದಲಿನದು. ಕತ್ತಿಯ ಏಟಿಗೆ ಸೀಳಿದ್ದ ಮೂಳೆ ಚೆನ್ನಾಗಿ ಕೂಡಿಕೊಂಡಿತ್ತು.

ಅಂಥ ಗಾಯ ಸುಮ್ನೆ ಮಾಗುವುದಿಲ್ಲ ಮಗಳೇ. ಯಾರೋ ತೊಳೆದಿರಬೇಕು, ಕಟ್ಟಿರಬೇಕು. ಅಗಿಯಲಾಗದವನಿಗೆ ಗಂಜಿಯಂಥದ್ದೇನೋ ಗುಟುಕು ಗುಟುಕಾಗಿ ಕುಡಿಸಿರಬೇಕು. ಅಮ್ಮನೋ, ಹೆಂಡತಿಯೋ. ಅಷ್ಟು ಜೋಪಾನ ಮಾಡಿ ಉಳಿಸಿಕೊಂಡವನು ಮತ್ತೆ ಆ ಹಿಮದೊಳಗೆ ಹೋಗಿ ನಿಂತ.

ಅವತ್ತು ಮಂಡಿನೋವು ಅಂತ ಹಳ್ಳದ ಕಡೆ ನಾನು ಬರಲಿಲ್ಲ. ಮುಂದಿನ ಸಲ ನಿಧಾನವಾಗಿ ನಡೆಯೋಣ, ಅಲ್ಲಿವರೆಗೂ.

ನಿನ್ನ
ಅಮ್ಮ