ಅವ್ವನ ಕಣ್ಣಿನ ಹನಿ ನಿಲ್ಲಬಾರದು

ಉಪ್ಸಾಲಾ, ಸ್ವೀಡನ್

ತೀರ್ಥರೂಪ ಅಪ್ಪಾಜಿಯವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಶಾಂತಾಳ ಮಗನ ಜವಳ ಮುಗಿದ ಸುದ್ದಿಯಿಂದ ಸಂತೋಷವಾಯಿತು. ಆದರೆ ಅವ್ವ ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಬಿಟ್ಟಿದ್ದಾಳೆ ಎಂದು ಓದಿದ ಮೇಲೆ ಪತ್ರದ ಉಳಿದ ಮಾತು ತಲೆಗೆ ಹತ್ತಲಿಲ್ಲ.

ಕಣ್ಣು ಕೆಂಪಾಗುತ್ತದೆ, ದೃಷ್ಟಿಯೂ ಸುಧಾರಿಸಲಿಲ್ಲ ಎಂಬುದು ಅವಳ ದೂರು. ದೃಷ್ಟಿ ಹೆಚ್ಚಿಸುವುದು ಆ ಔಷಧಿಯ ಕೆಲಸವೇ ಅಲ್ಲ. ಗ್ಲಾಕೋಮಾ ಎಂಬ ಕಣ್ಣಿನ ನರದ ಕಾಯಿಲೆಯಿಂದ ಕಳೆದುಹೋದ ನೋಟ ಮರಳಿ ಬರುವುದಿಲ್ಲ; ಉಳಿದಿರುವುದನ್ನು ಕಾಯಲೆಂದೇ ಡಾಕ್ಟರರು ಲಟಾನೊಪ್ರೋಸ್ಟ್ ಬರೆದುಕೊಟ್ಟಿದ್ದಾರೆ.

ಕಣ್ಣಿನೊಳಗೆ ತಿಳಿನೀರು ಸದಾ ಹುಟ್ಟುತ್ತ, ಹೊರಗೆ ಹರಿಯುತ್ತ ಇರುತ್ತದೆ. ಹೊರದಾರಿ ಬಿಗಿದುಕೊಂಡರೆ ಒತ್ತಡ ಏರಿ ಕಣ್ಣಿನ ಹಿಂದಿನ ನರ ಸವೆಯುತ್ತದೆ. ಬಸಿಗಾಲುವೆ ಮುಚ್ಚಿದ ನಮ್ಮ ಕರಿಮಣ್ಣಿನ ಹೊಲದಲ್ಲಿ ಬೆಳೆಯ ಬೇರು ಕೊಳೆಯುವ ಹಾಗೆ. ನಮ್ಮ ದೇಹದಲ್ಲೇ ಇರುವ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಹೋಲುವಂತೆ ಈ ಔಷಧಿಯನ್ನು ತಯಾರಿಸಿದ್ದಾರೆ. ಹನಿಯು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ದಾಟುವಾಗ ಅಲ್ಲಿನ ಕಿಣ್ವಗಳು ಅದನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಕಣ್ಣೊಳಗಿನ ಸಿಲಿಯರಿ ಎಂಬ ಸ್ನಾಯುವಿನ ಎಫ್‌ಪಿ ಗ್ರಾಹಕಗಳಿಗೆ (ಔಷಧಿಯನ್ನು ಹಿಡಿದುಕೊಳ್ಳುವ ಕೊಂಡಿಗಳಿಗೆ) ಅಂಟಿಕೊಂಡಾಗ, ಕೊಲಾಜನ್ ಎಂಬ ನಾರಿನ ಪ್ರೋಟೀನನ್ನು ಕರಗಿಸುವ ಕಿಣ್ವಗಳು ಹೆಚ್ಚಿ, ಸ್ನಾಯುವಿನ ಎಳೆಗಳ ನಡುವಿನ ಸಂದುಗಳು ಸಡಿಲಗೊಂಡು, ನೀರು ಅಲ್ಲಿಂದಲೂ ಬಸಿದುಹೋಗುತ್ತದೆ. ಒತ್ತಡ ಸಾಮಾನ್ಯವಾಗಿ ಶೇಕಡಾ 25ರಿಂದ 33ರಷ್ಟು ಇಳಿಯುತ್ತದೆ. ಇಳಿಯತೊಡಗಲು 3-4 ಗಂಟೆ, ಪೂರ್ತಿ ಗುಣ ಕಾಣಲು 8ರಿಂದ 12 ಗಂಟೆ ಬೇಕು. ರಾತ್ರಿ ಒಂದೇ ಹನಿ ಸಾಕು. ಒಂದು ದಿನ ತಪ್ಪಿತೆಂದು ಮರುದಿನ ಎರಡು ಸಲ ಹಾಕಬೇಡಿ, ಹೆಚ್ಚು ಸಲ ಹಾಕಿದರೆ ಗುಣ ಕುಂದಬಹುದು.

ರಕ್ತನಾಳಗಳು ಹಿಗ್ಗುವುದರಿಂದ ಕಣ್ಣು ಕೆಂಪಾಗುತ್ತದೆ, ಬಹಳ ಜನರಿಗೆ ಕ್ರಮೇಣ ತಗ್ಗುತ್ತದೆ. ನೋವು ಅಥವಾ ಮಂಜು ಬಂದರೆ ಮಾತ್ರ ತಡಮಾಡದೆ ಡಾಕ್ಟರರಲ್ಲಿಗೆ ಹೋಗಿರಿ. ರೆಪ್ಪೆಗೂದಲು ಉದ್ದವಾಗುವುದೂ ಇದರದೇ ಪರಿಣಾಮ. ಇದೇ ಜಾತಿಯ ಬೈಮಾಟೊಪ್ರೋಸ್ಟ್ ಎಂಬ ಔಷಧಿಗೆ ಅಮೆರಿಕದಲ್ಲಿ 2008ರಲ್ಲಿ ರೆಪ್ಪೆಗೂದಲು ಬೆಳೆಸಲೆಂದೇ ಒಪ್ಪಿಗೆ ಕೊಟ್ಟರು!

ವಿದೇಶದ ಒಳ್ಳೆಯ ಔಷಧಿ ಕಳಿಸು ಎಂದಿದ್ದೀರಿ. ಅಪ್ಪಾಜಿ, ಲಟಾನೊಪ್ರೋಸ್ಟ್ ರೂಪುಗೊಂಡದ್ದೇ ನಾನಿರುವ ಈ ಊರಿನ ಫಾರ್ಮಾಸಿಯಾ ಕಂಪನಿಯಲ್ಲಿ. ಅಮೆರಿಕ ಅದಕ್ಕೆ 1996ರಲ್ಲಿ ಒಪ್ಪಿಗೆ ಕೊಟ್ಟಿತು. ದಿನಾ ಓಡಾಡುವ ಊರಿನ ಔಷಧಿ ಬಾಗಲಕೋಟೆಯಲ್ಲಿ ಅವ್ವನ ಕಣ್ಣು ಕಾಯುತ್ತಿದೆ ಎಂದು ನನಗೆ ಹೆಮ್ಮೆಯಿದೆ. ಮಂಜುನಾಥ ಹೇಳಿದ ಒಮಿಡೆನೆಪಾಗ್ ಎಂಬ ಕಣ್ಣಿನ ಹನಿ ಜಪಾನಿನಲ್ಲಿ 2018ರಲ್ಲಿ ಒಪ್ಪಿಗೆ ಪಡೆದದ್ದು ನಿಜ. ಅದು ಇಪಿ2 ಎಂಬ ಬೇರೆ ಗ್ರಾಹಕದ ಮೇಲೆ ಕೆಲಸ ಮಾಡುವುದರಿಂದ ರೆಪ್ಪೆಗೂದಲು ಬೆಳೆಯುವ ತೊಂದರೆಯಿಲ್ಲ. ಆದರೆ ಅದರಿಂದಲೂ ಕಣ್ಣು ಕೆಂಪಾಗುತ್ತದೆ. ಪೊರೆ ತೆಗೆಸಿ ಮಸೂರ ಹಾಕಿಸಿಕೊಂಡವರಲ್ಲಿ ಅಕ್ಷಿಪಟಲ ಬಾಯುವ ಅಪಾಯವಿರುವುದರಿಂದ ಅವರಿಗೆ ಅದನ್ನು ಕೊಡುವುದೂ ಇಲ್ಲ. ಅವ್ವನಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವಲ್ಲ!

ಕೆಳರೆಪ್ಪೆ ಎಳೆದು ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಕೆನ್ನೆಗೆ ಇಳಿದದ್ದನ್ನು ಒರೆಸಿಬಿಡಿ, ಇಲ್ಲವಾದರೆ ಅಲ್ಲಿ ಚರ್ಮ ಕಪ್ಪಾಗಬಹುದು. ಮುಚ್ಚಳ ತೆರೆಯದ ಬಾಟಲಿಯನ್ನು ಫ್ರಿಜ್ಜಿನಲ್ಲಿಡಿ. ನಮ್ಮ ಬೇಸಿಗೆಯಲ್ಲಿ ತೆರೆದದ್ದನ್ನೂ ಅಲ್ಲೇ ಇಟ್ಟು, ನಾಲ್ಕು ವಾರಕ್ಕೆ ಹೊಸದು ತನ್ನಿರಿ.

ನನ್ನ ಬಗ್ಗೆ ಎಳ್ಳಷ್ಟೂ ಚಿಂತೆ ಬೇಡ. ಚಳಿಯೇನೂ ಅಂಥದ್ದಿಲ್ಲ, ಜೋಳದ ಹಿಟ್ಟೂ ಸಿಗುತ್ತದೆ, ಆರೋಗ್ಯ ಬಹಳ ಚೆನ್ನಾಗಿದೆ, ಹಣಕ್ಕೂ ಕೊರತೆಯಿಲ್ಲ. ಈ ವಾರವೇ ಅವ್ವನ ಕಣ್ಣಿನ ಒತ್ತಡ ಅಳೆಸಿ ಬರೆಯಿರಿ. ಬಸ್ಸಿನ ಹೊತ್ತಾಯಿತು, ಎಲ್ಲರಿಗೂ ನಮಸ್ಕಾರ.

ಇಂತಿ ನಿಮ್ಮ ಮಗ,
ಬಸವರಾಜ